ಮೊಬೈಲ್ ಬೆರಳನ್ನು ಗುರುತಿಸದಿದ್ದಾಗ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಕಾಲೇಜಿಗೆ ಮೊಬೈಲ್ ತರುವಂತಿಲ್ಲ ಎಂಬ ನಿಯಮ ನನಗೆ ನೆನಪಿದೆ. ಇದು ಮನೆಯ ಮೊಬೈಲಿನ ಕಥೆ. ಸರಿಯಾಗಿ ಹೇಳುವುದಾದರೆ ನನ್ನ ಉಮ್ಮನ ಮೊಬೈಲಿನ ಕಥೆ.

ಉಮ್ಮ ಬೀಡಿ ಕಟ್ಟುತ್ತಾರೆ. ಬೆಳಿಗ್ಗೆ ಮನೆಕೆಲಸ ಮುಗಿಸಿ ಹತ್ತು ಗಂಟೆಗೆ ಜಗಲಿಯಲ್ಲಿ ಕುಳಿತರೆ ಅಸರ್ ಹೊತ್ತಿನವರೆಗೂ ಎಲೆ, ಕತ್ತರಿ, ನೂಲು. ಪಕ್ಕದಲ್ಲಿ ಮೊಬೈಲ್ ಇರುತ್ತದೆ. ಅದನ್ನು ಅಣ್ಣ ಗಲ್ಫಿನಿಂದ ರಜೆಗೆ ಬಂದಾಗ ತಂದುಕೊಟ್ಟದ್ದು. ಪರದೆಯ ಮೇಲೆಯೇ ಬೆರಳಿಟ್ಟು ತೆರೆಯುವಂಥದ್ದು. ಆರು ಅಂಕಿಗಳ ಪಿನ್ ಕೂಡ ಇದೆ, ಆದರೆ ಅದನ್ನು ಹಾಕುವುದು ನನ್ನ ಕೆಲಸ. ತಪ್ಪು ಒತ್ತಿದರೆ ಒಳಗಿರುವುದೆಲ್ಲ ಅಳಿದುಹೋಗುತ್ತದೆ ಎಂದು ಉಮ್ಮನಿಗೆ ಯಾರೋ ಹೆದರಿಸಿಟ್ಟಿದ್ದಾರೆ.

ಕಳೆದ ಮಧ್ಯಾವಧಿ ರಜೆಗೆ ಸ್ವಲ್ಪ ಮೊದಲು ಒಂದು ದಿನ ಆ ಮೊಬೈಲ್ ಉಮ್ಮನ ಬೆರಳನ್ನು ಒಪ್ಪುವುದನ್ನು ನಿಲ್ಲಿಸಿತು. ಐದು ಸಲ ತಪ್ಪಿದ ಮೇಲೆ ಮೂವತ್ತು ಸೆಕೆಂಡು ಕಾಯಿರಿ ಎನ್ನುತ್ತದೆ, ಮತ್ತೆ ತಪ್ಪುತ್ತದೆ, ಕೊನೆಗೆ ಪಿನ್ ಕೇಳುತ್ತದೆ. ನಾನು ಕಾಲೇಜಿನಿಂದ ಬಂದ ಮೇಲೆ ಪಿನ್ ಹಾಕಿ ಕೊಡುತ್ತಿದ್ದೆ. ಮೂರನೆಯ ದಿನವೂ ಉಮ್ಮ ನಾನು ಬ್ಯಾಗು ಇಳಿಸುವ ಮೊದಲೇ ಮೊಬೈಲ್ ಹಿಡಿದುಕೊಂಡು ಬಂದಾಗ, "ಕರೆ ಬಂದರೆ ಲಾಕ್ ತೆರೆಯದೆಯೂ ಮಾತಾಡಬಹುದಲ್ಲ ಉಮ್ಮ, ಇಷ್ಟು ಅವಸರ ಯಾಕೆ?" ಎಂದು ಕೇಳಿದೆ. ಅವರು ಏನೂ ಹೇಳಲಿಲ್ಲ. ಆಮೇಲೆ ಅಡುಗೆಮನೆಯಿಂದ ಉಪ್ಪನ ದನಿ ಕೇಳಿತು. ಉಪ್ಪ ತೀರಿಹೋಗಿ ಎರಡು ವರ್ಷವಾಯಿತು. ಅವರು ಅಲ್ಲಿ ಕೆಲಸದಲ್ಲಿದ್ದಾಗ ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳನ್ನು ಉಮ್ಮ ದಿನಾ ಮಧ್ಯಾಹ್ನ ಬೀಡಿ ಕಟ್ಟುತ್ತಾ ಕೇಳುತ್ತಾರೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಮಾರನೆಯ ದಿನ ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ಎರಡು ನಿಮಿಷ ನೋಡಿ, "ಸಾಫ್ಟ್‌ವೇರ್ ತೊಂದರೆ, ರಿಸೆಟ್ ಮಾಡಬೇಕು. ಆಗಲೂ ಆಗದಿದ್ದರೆ ಕಾಂಬೋ ಬದಲಿಸಬೇಕು, ಐದೂವರೆ ಸಾವಿರ" ಎಂದರು. ರಿಸೆಟ್ ಎಂದರೆ ಮೊಬೈಲನ್ನು ಹೊಸದರಂತೆ ಪೂರ್ತಿ ಖಾಲಿ ಮಾಡುವುದು. ಬ್ಯಾಕಪ್ ಇದೆಯೇ ಎಂದು ಅವರು ಕೇಳಲಿಲ್ಲ, ನನಗೂ ಕೇಳಿಕೊಳ್ಳಲು ಹೊಳೆಯಲಿಲ್ಲ. ಉಮ್ಮನಿಗೆ ಫೋನ್ ಮಾಡಿ ಕೇಳೋಣವೆಂದು ನೋಡಿದರೆ ಉಮ್ಮನ ಫೋನೇ ನನ್ನ ಕೈಯಲ್ಲಿದೆ! ಆ ಒಂದು ಕಾರಣಕ್ಕೆ, "ನಾಳೆ ತರುತ್ತೇನೆ" ಎಂದು ಹೇಳಿ ಹೊರಟುಬಂದೆ. ಆಗ ತಲೆಯಾಡಿಸಿದ್ದರೆ ಉಪ್ಪನ ದನಿ ಹತ್ತು ನಿಮಿಷದಲ್ಲಿ ಹೋಗಿಬಿಡುತ್ತಿತ್ತು.

ಆದ್ದರಿಂದ ನಿಮ್ಮ ಮನೆಯ ಮೊಬೈಲಿಗೆ ಹೀಗಾದರೆ ಎಲ್ಲಕ್ಕಿಂತ ಮೊದಲು ಬ್ಯಾಕಪ್ ಮಾಡಿ. ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್, ಅದರೊಳಗೆ ಚಾಟ್ ಬ್ಯಾಕಪ್ ಎಂದಿರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಅದು ಗೂಗಲ್ ಖಾತೆಗೆ ಹೋಗುತ್ತದೆ. ಉಚಿತವಾಗಿ ಸಿಗುವ 15 ಜಿಬಿ ಜಾಗದಲ್ಲೇ ಅದೂ ಸೇರುವುದರಿಂದ ಜಾಗ ಉಳಿದಿದೆಯೇ ನೋಡಿಕೊಳ್ಳಿ. ಫೋಟೋಗಳನ್ನು ಬೇರೆಯಾಗಿ ತೆಗೆದಿಡಿ. ನಾನು ಆ ರಾತ್ರಿ ಮಾಡಿದ ಮೊದಲ ಕೆಲಸ ಇದೇ. ಉಪ್ಪನ ಮೆಸೇಜುಗಳನ್ನು ಮಾತ್ರ ಇನ್ನೊಂದು ಸಲ ನನ್ನ ಈಮೇಲಿಗೂ ಕಳಿಸಿಕೊಂಡೆ.

ಆಮೇಲೆ ನಮ್ಮ ಭೌತಶಾಸ್ತ್ರದ ಸರ್ ಹತ್ತಿರ ಕೇಳಿದೆ. ಅವರು ಮೊಬೈಲ್ ತಜ್ಞರೇನಲ್ಲ. ಆದರೆ ಅವರು ಕೇಳಿದ ಒಂದೇ ಪ್ರಶ್ನೆ ಅಂಗಡಿಯವರು ಕೇಳದೇ ಬಿಟ್ಟದ್ದು: "ನಿಲ್ಲುವ ಮೊದಲು ಏನು ಬದಲಾಯಿತು ಮಾರಾಯ?"

ಬದಲಾದದ್ದು ಇತ್ತು. ಹಿಂದಿನ ದಿನ ನಾನೇ ಜಾತ್ರೆ ಗದ್ದೆಯ ಬಳಿಯ ತಳ್ಳುಗಾಡಿಯಲ್ಲಿ ಹೊಸ ಟೆಂಪರ್ಡ್ ಗ್ಲಾಸ್ ಹಾಕಿಸಿದ್ದೆ.

ಇದು ಯಾಕೆ ಮುಖ್ಯ ಎಂದು ತಿಳಿಯಲು ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು. ನಮ್ಮ ಬೆರಳ ತುದಿಯಲ್ಲಿ ಗದ್ದೆಯ ಬದುಗಳ ಹಾಗೆ ಎತ್ತರದ ಗೆರೆಗಳಿವೆ, ನಡುವೆ ತಗ್ಗುಗಳಿವೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಸುಮಾರು ಅರ್ಧ ಮಿಲಿಮೀಟರ್. ಎತ್ತರ ಎಲ್ಲಿ, ತಗ್ಗು ಎಲ್ಲಿ, ಗೆರೆ ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗುರುತಿಸುವುದೇ ಸೆನ್ಸರಿನ ಕೆಲಸ. ಅದನ್ನು ಮೂರು ರೀತಿಯಲ್ಲಿ ಮಾಡುತ್ತಾರೆ.

ಫೋನಿನ ಹಿಂಬದಿಯಲ್ಲಿ ಅಥವಾ ಪಕ್ಕದ ಪವರ್ ಬಟನ್ನಿನಲ್ಲಿ ಸೆನ್ಸರ್ ಇದ್ದರೆ ಅದು ಕೆಪಾಸಿಟರ್ ತತ್ವದ್ದು. 2013ರಲ್ಲಿ ಐಫೋನ್ 5ಎಸ್‌ನಲ್ಲಿ ಬಂದು ಎಲ್ಲರಿಗೂ ಪರಿಚಯವಾದದ್ದು ಇದೇ. ದ್ವಿತೀಯ ಪಿಯುಸಿಯವರು ಕೆಪಾಸಿಟರ್ ಪಾಠ ನೆನಪಿಸಿಕೊಳ್ಳಿ: ಎರಡು ಫಲಕಗಳ ನಡುವಿನ ಅಂತರ ಹೆಚ್ಚಿದರೆ ಧಾರಕತೆ ಕಡಿಮೆಯಾಗುತ್ತದೆ. ಇಲ್ಲಿ ಒಂದು ಫಲಕ ಸೆನ್ಸರಿನ ಒಳಗಿರುವ ಪುಟ್ಟ ಚುಕ್ಕೆ, ಇನ್ನೊಂದು ಫಲಕ ನಿಮ್ಮ ಚರ್ಮ. ಗೆರೆ ಹತ್ತಿರವಿರುವಲ್ಲಿ ಧಾರಕತೆ ಹೆಚ್ಚು, ತಗ್ಗು ದೂರವಿರುವಲ್ಲಿ ಕಡಿಮೆ. ಒಂದು ಇಂಚಿಗೆ 500 ಚುಕ್ಕೆಗಳಿರುವ ಸೆನ್ಸರಿನಲ್ಲಿ ಎರಡು ಚುಕ್ಕೆಗಳ ನಡುವೆ ಸುಮಾರು 50 ಮೈಕ್ರೋಮೀಟರ್ ಮಾತ್ರ. ಬೆರಳು ಒದ್ದೆಯಾಗಿದ್ದರೆ ತಗ್ಗುಗಳಲ್ಲಿ ನೀರು ತುಂಬಿ ಎಲ್ಲವೂ ಗೆರೆಯ ಹಾಗೆಯೇ ಕಾಣುತ್ತದೆ. ವುಝೂ ಮಾಡಿ ಬಂದ ಕೂಡಲೇ ಫೋನ್ ತೆರೆಯದೆ ಹೋಗುವುದು, ಮಳೆಗಾಲದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಸತಾಯಿಸುವುದು ಇದಕ್ಕೇ. ಅದು ಹಾಳಾಗಿಲ್ಲ, ಕೈ ಒರೆಸಿಕೊಂಡರೆ ಸಾಕು.

ಎರಡನೆಯದು ಪರದೆಯ ಅಡಿಯಲ್ಲಿ ಬೆಳಕಿನಿಂದ ಕೆಲಸ ಮಾಡುವಂಥದ್ದು. ಬೆರಳಿಟ್ಟಾಗ ಆ ಜಾಗದಲ್ಲಿ ಪರದೆ ಪ್ರಖರವಾಗಿ ಬೆಳಗುವುದನ್ನು ನೋಡಿರುತ್ತೀರಿ. ಆ ಬೆಳಕು ಬೆರಳಿಗೆ ತಾಗಿ ಹಿಂದಿರುಗುತ್ತದೆ, ಪರದೆಯ ಅಡಿಯ ಸಣ್ಣ ಕ್ಯಾಮೆರಾದಂಥ ಸೆನ್ಸರ್ ಅದರ ಚಿತ್ರ ಹಿಡಿಯುತ್ತದೆ. ಮೂರನೆಯದು ಶ್ರವಣಾತೀತ ಶಬ್ದದಲೆಗಳನ್ನು ಬಳಸುವಂಥದ್ದು. ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್10 ಮೂಲಕ 2019ರಲ್ಲಿ ಜನರ ಕೈಗೆ ಬಂತು, ಈಗಲೂ ದುಬಾರಿ ಫೋನುಗಳಲ್ಲಿ ಹೆಚ್ಚು.

ಉಮ್ಮನ ಫೋನು ಎರಡನೆಯ ಬಗೆಯದು. ನಾನು ಹಾಕಿಸಿದ ಗ್ಲಾಸಿಗೆ ಅಂಟು ಇದ್ದದ್ದು ಅಂಚಿನಲ್ಲಿ ಮಾತ್ರ. ನಡುವೆ ಪರದೆಗೂ ಗ್ಲಾಸಿಗೂ ನಡುವೆ ತೆಳುವಾದ ಗಾಳಿಯ ಪದರ. ಬೆಳಕು ಗಾಜಿನಿಂದ ಗಾಳಿಗೆ, ಗಾಳಿಯಿಂದ ಮತ್ತೆ ಗಾಜಿಗೆ ಹೋಗುವಾಗ ಪ್ರತಿ ಮೇಲ್ಮೈಯಲ್ಲೂ ಒಂದಷ್ಟು ಪ್ರತಿಫಲಿಸುತ್ತದೆ. ಸೆನ್ಸರಿಗೆ ಬೆರಳಿನ ಬದಲು ಮಂಜು ಕವಿದ ಕಿಟಕಿ ಕಂಡ ಹಾಗೆ. ಶಬ್ದದಲೆಯ ಸೆನ್ಸರಿಗೆ ಗಾಳಿಯ ಪದರ ಇನ್ನೂ ದೊಡ್ಡ ಅಡ್ಡಿ. ಇದು ಎಷ್ಟು ಗಂಭೀರವಾಗಬಹುದು ಎಂಬುದಕ್ಕೆ ಒಂದು ನಿಜ ಘಟನೆ ಇದೆ. 2019ರ ಅಕ್ಟೋಬರಿನಲ್ಲಿ ಕೆಲವು ಸಿಲಿಕೋನ್ ಕವರುಗಳನ್ನು ಪರದೆಯ ಮೇಲೆ ಹಾಕಿದರೆ ಗ್ಯಾಲಕ್ಸಿ ಎಸ್10 ಯಾರ ಬೆರಳಿಗೂ ತೆರೆದುಕೊಳ್ಳುತ್ತದೆ ಎಂದು ಗೊತ್ತಾಯಿತು. ಕವರಿನ ಒಳಮೈಯಲ್ಲಿದ್ದ ವಿನ್ಯಾಸವನ್ನೇ ಸೆನ್ಸರ್ ಬೆರಳಚ್ಚು ಎಂದುಕೊಂಡಿತ್ತು. ಕಂಪನಿ ಕವರ್ ತೆಗೆದು ಬೆರಳಚ್ಚನ್ನು ಅಳಿಸಿ ಹೊಸದಾಗಿ ದಾಖಲಿಸಲು ಹೇಳಿತು, ಆಮೇಲೆ ಸಾಫ್ಟ್‌ವೇರ್ ತಿದ್ದುಪಡಿಯನ್ನೂ ಕೊಟ್ಟಿತು.

ಆದರೂ ಗ್ಲಾಸನ್ನು ಕಿತ್ತುಹಾಕುವ ಮೊದಲು ಒಂದು ಪರೀಕ್ಷೆ ಮಾಡಿದೆ. ಉಮ್ಮನ ಫೋನಿನಲ್ಲಿ ನನ್ನ ಬಲಗೈ ಹೆಬ್ಬೆರಳೂ ದಾಖಲಾಗಿದೆ. ಅದನ್ನಿಟ್ಟು ನೋಡಿದೆ, ಅದನ್ನೂ ಒಪ್ಪಲಿಲ್ಲ. ಅಂದರೆ ತಪ್ಪು ಉಮ್ಮನ ಬೆರಳಿನದಷ್ಟೇ ಅಲ್ಲ. ಆಮೇಲೆ ಗ್ಲಾಸ್ ತೆಗೆದು, ಕನ್ನಡಕ ಒರೆಸುವ ಬಟ್ಟೆಯಿಂದ ಪರದೆ ಒರೆಸಿ ಮತ್ತೆ ಇಟ್ಟೆ. ಮೊದಲ ಸಲಕ್ಕೇ ತೆರೆಯಿತು. ಐದೂವರೆ ಸಾವಿರದ ರಿಪೇರಿ ಅಷ್ಟರಲ್ಲಿ ಮುಗಿಯಿತು ಎಂದು ಕುಣಿದಾಡಿದೆ.

ಆದರೆ ಉಮ್ಮನ ಬೆರಳನ್ನು ನಾಲ್ಕು ಸಲ ಇಟ್ಟರೆ ಒಂದು ಸಲ ಮಾತ್ರ ಒಪ್ಪಿತು.

"ಬಿಡು ಮೋನೇ, ನನ್ನ ಬೆರಳು ಸವೆದಿದೆ. ರೇಷನ್ ಅಂಗಡಿಯಲ್ಲೂ ಹೀಗೇ" ಎಂದರು ಉಮ್ಮ. ಅವರ ಕೈ ಹಿಡಿದು ಬೆಳಕಿನಲ್ಲಿ ನೋಡಿದೆ. ಹೆಬ್ಬೆರಳು, ತೋರುಬೆರಳು ನುಣ್ಣಗಾಗಿವೆ. ಎಲೆ ಸುರುಳಿ ಸುತ್ತುವುದು, ಬಾಯಿ ಮಡಚುವುದು ಎಲ್ಲ ಆ ಬೆರಳುಗಳಲ್ಲೇ ನಡೆಯುವುದು. ಬೀಡಿ ಕಟ್ಟುವವರು ಮಾತ್ರವಲ್ಲ, ಕಲ್ಲು, ಸಿಮೆಂಟು ಕೆಲಸದವರು, ಪಾತ್ರೆ ತೊಳೆಯುವವರು, ವಯಸ್ಸಾದವರು ಎಲ್ಲರಿಗೂ ಈ ತೊಂದರೆ ಇದೆ. ನಮ್ಮ ಕಾಲೇಜಿನ ಕಚೇರಿಯ ಹಾಜರಾತಿ ಯಂತ್ರದ ಮುಂದೆ ಸುಣ್ಣದಕಡ್ಡಿ ಹಿಡಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ನಿಲ್ಲುವ ಉಪನ್ಯಾಸಕರನ್ನು ನೀವೂ ನೋಡಿರಬಹುದು. (ಹೆಸರು ಹೇಳುವುದಿಲ್ಲ ಸರ್.)

ಸವೆದ ಗೆರೆಗಳು ಶಾಶ್ವತವಾಗಿ ಹೋಗಿರುವುದಿಲ್ಲ. ಅವುಗಳ ಅಚ್ಚು ಚರ್ಮದ ಒಳಪದರದಲ್ಲಿದೆ. ಕೆಲವು ವಾರ ಕೈಗೆ ಬಿಡುವು ಸಿಕ್ಕರೆ ಮೇಲಿನ ಚರ್ಮ ಅದೇ ಗೆರೆಗಳೊಂದಿಗೆ ಬೆಳೆದುಬರುತ್ತದೆ. ಆದರೆ ಬೀಡಿ ಬ್ರಾಂಚಿಗೆ ವಾರಕ್ಕೆ ಇಷ್ಟು ಸಾವಿರ ಎಂದು ಕೊಡಬೇಕಾದವರಿಗೆ ಬಿಡುವು ಎಲ್ಲಿಂದ? ಬೆರಳನ್ನು ಬದಲಿಸಬಹುದು. ಕೆಲಸದಲ್ಲಿ ಅತಿ ಕಡಿಮೆ ಬಳಕೆಯಾಗುವ ಬೆರಳು ಯಾವುದು ಎಂದು ಉಮ್ಮನನ್ನೇ ಕೇಳಿದೆ. ಅವರು ಎರಡೂ ಕೈಗಳನ್ನು ಗಾಳಿಯಲ್ಲೇ ಬೀಡಿ ಕಟ್ಟುವಂತೆ ಆಡಿಸಿ ನೋಡಿ, ಎಡಗೈಯ ಉಂಗುರ ಬೆರಳನ್ನು ತೋರಿಸಿದರು. ಅದರ ಗೆರೆಗಳು ಬರಿಗಣ್ಣಿಗೇ ಸ್ಪಷ್ಟವಾಗಿ ಕಾಣುತ್ತಿದ್ದವು.

ದಾಖಲಿಸುವಾಗ ಹೆಚ್ಚಿನವರು ಮಾಡುವ ತಪ್ಪು ಎಂದರೆ ಬೆರಳನ್ನು ಒಂದೇ ಭಂಗಿಯಲ್ಲಿ ಮತ್ತೆ ಮತ್ತೆ ಒತ್ತುವುದು. ಫೋನು ಹಲವು ಸಲ ಬೆರಳಿಡಲು ಹೇಳುವುದು ಬೇರೆ ಬೇರೆ ಭಾಗವನ್ನು ನೋಡುವುದಕ್ಕೆ. ನಡು, ತುದಿ, ಎಡ, ಬಲ ಎಲ್ಲವನ್ನೂ ಕೊಡಬೇಕು. ಫೋನನ್ನು ಮೇಜಿನ ಮೇಲಿಟ್ಟು ದಾಖಲಿಸಿ ಆಮೇಲೆ ಕೈಯಲ್ಲಿ ಹಿಡಿದು ತೆರೆಯಲು ಹೋದರೆ ಬೆರಳಿನ ಕೋನವೇ ಬೇರೆಯಾಗುತ್ತದೆ. ಆದ್ದರಿಂದ ದಿನಾ ಹೇಗೆ ಹಿಡಿಯುತ್ತೀರೋ ಹಾಗೆಯೇ ಹಿಡಿದು ದಾಖಲಿಸಿ. ಬೆರಳು ತೊಳೆದು ಪೂರ್ತಿ ಒಣಗಿರಬೇಕು. ಹಾಗೆಂದು ಒಣಗಿ ಬಿರುಕು ಬಿಟ್ಟಿದ್ದರೂ ಓದುವುದಿಲ್ಲ, ಹಿಂದಿನ ರಾತ್ರಿ ಸ್ವಲ್ಪ ತೆಂಗಿನೆಣ್ಣೆ ಸವರಿಕೊಂಡು ಮಲಗಿದರೆ ಒಳ್ಳೆಯದು. ಒಂದೇ ಬೆರಳನ್ನು ಎರಡು ಸಲ ಬೇರೆ ಬೇರೆ ಹೆಸರಿನಲ್ಲಿ ದಾಖಲಿಸಲು ಕೆಲವು ಫೋನುಗಳು ಬಿಡುತ್ತವೆ, ಬಿಟ್ಟರೆ ಮಾಡಿ, ನಿಜಕ್ಕೂ ಉಪಯೋಗವಾಗುತ್ತದೆ. ಮದರಂಗಿ ಹಚ್ಚಿದ ಮೊದಲ ದಿನಗಳಲ್ಲಿ ಬೆಳಕಿನ ಸೆನ್ಸರ್ ಕಿರಿಕಿರಿ ಮಾಡುತ್ತದೆ. ಗೆರೆಗಳು ಬದಲಾಗಿರುವುದಿಲ್ಲ, ಬಣ್ಣದಿಂದಾಗಿ ಚಿತ್ರ ಮಸುಕಾಗುತ್ತದೆ ಅಷ್ಟೆ. ಪೆರ್ನಾಳಿನ ಬೆಳಿಗ್ಗೆ ನನ್ನ ತಂಗಿ ಇದಕ್ಕೇ ಅತ್ತಿದ್ದಳು. ಬೆರಳ ತುದಿ ಬಿಟ್ಟು ಹಚ್ಚಿದರೆ ಆ ರಗಳೆಯಿಲ್ಲ.

ಉಮ್ಮನ ಹಳೆಯ ಬೆರಳಚ್ಚುಗಳನ್ನು ಅಳಿಸಿ, ಉಂಗುರ ಬೆರಳನ್ನು ದಾಖಲಿಸಿದೆವು. ಪರದೆಗೆ ರಕ್ಷಣೆ ಬೇಡವೇ ಎಂದರೆ ಬೇಕು, ಜಗಲಿಯಿಂದ ಅದು ಬಿದ್ದದ್ದು ಲೆಕ್ಕವಿಲ್ಲ. ಪೂರ್ತಿ ಅಂಟು ಇರುವ ತೆಳುವಾದ ಫಿಲ್ಮ್ ಹಾಕಿಸಿ, ಅದರ ಮೇಲೆ ಮತ್ತೊಮ್ಮೆ ದಾಖಲಿಸಿದೆ. ಗಾರ್ಡ್ ಬದಲಿಸಿದಾಗೆಲ್ಲ ಹೀಗೆ ಮಾಡಬೇಕು. ಕೆಲವು ಫೋನುಗಳಲ್ಲಿ ಸ್ಕ್ರೀನ್ ಗಾರ್ಡ್ ಹಾಕಿದವರಿಗೆಂದೇ ಟಚ್ ಸೆನ್ಸಿಟಿವಿಟಿ ಹೆಚ್ಚಿಸುವ ಆಯ್ಕೆಯೂ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿರುತ್ತದೆ. ಹೊಸ ಬೆರಳು ಸೇರಿಸಿದ ಕೂಡಲೇ ಬ್ಯಾಂಕಿನ ಆ್ಯಪ್ ಬೆರಳನ್ನು ಒಪ್ಪದೆ ಮತ್ತೆ ಪಿನ್ ಅಥವಾ ಪಾಸ್‌ವರ್ಡ್ ಕೇಳಬಹುದು. ಗಾಬರಿ ಬೇಡ. ಬೇರೆ ಯಾರೋ ತಮ್ಮ ಬೆರಳು ಸೇರಿಸಿ ಹಣ ತೆಗೆಯದಿರಲಿ ಎಂದು ಆ ವ್ಯವಸ್ಥೆ.

ನಿಮ್ಮಲ್ಲಿ ಗಾರ್ಡೂ ಬದಲಾಗಿಲ್ಲ, ಬೆರಳೂ ಚೆನ್ನಾಗಿದೆ ಎಂದಾದರೆ? ಒಮ್ಮೆ ರೀಸ್ಟಾರ್ಟ್ ಮಾಡಿ. ಅದಾದ ಮೇಲೆ ಮೊದಲ ಸಲ ಪಿನ್ನೇ ಹಾಕಬೇಕು, ಅದು ದೋಷವಲ್ಲ. ಹಾಗೆಯೇ ಪಿನ್ ಹಾಕಿ 72 ಗಂಟೆ ಕಳೆದರೆ ಆಂಡ್ರಾಯ್ಡ್ ಮತ್ತೊಮ್ಮೆ ಪಿನ್ ಕೇಳುತ್ತದೆ, ಅದೂ ದೋಷವಲ್ಲ. ಅಪ್‌ಡೇಟ್ ಬಂದ ಮರುದಿನವೇ ತೊಂದರೆ ಶುರುವಾಗಿದ್ದರೆ ಬೆರಳಚ್ಚುಗಳನ್ನು ಅಳಿಸಿ ಹೊಸದಾಗಿ ದಾಖಲಿಸಿ, ಮುಂದಿನ ಅಪ್‌ಡೇಟ್ ಬಂದಿದೆಯೇ ನೋಡಿ. ಅಳಿಸುವ ಮೊದಲು ಪಿನ್ ಖಚಿತವಾಗಿ ನೆನಪಿದೆಯೇ ಎಂದು ಒಮ್ಮೆ ಹಾಕಿ ನೋಡಿಕೊಳ್ಳಿ.

ಸೆಟ್ಟಿಂಗ್ಸ್‌ನಲ್ಲಿ ಫಿಂಗರ್‌ಪ್ರಿಂಟ್ ಎಂಬ ಆಯ್ಕೆಯೇ ಮಾಯವಾಗಿದ್ದರೆ ಮಾತ್ರ ವಿಷಯ ಬೇರೆ. ಫೋನಿಗೆ ಸೆನ್ಸರ್ ಕಾಣಿಸುತ್ತಲೇ ಇಲ್ಲ ಎಂದು ಅರ್ಥ. ಒಳಗಿನ ತೆಳು ಪಟ್ಟಿಯಂಥ ಕೇಬಲ್ ಸಡಿಲವಾಗಿರಬಹುದು, ತುಂಡಾಗಿರಬಹುದು, ನೀರು ಹೋಗಿರಬಹುದು. ಪರೀಕ್ಷೆಗೆ ಗುಪ್ತ ಮೆನುಗಳಿವೆ: ಹಲವು ಸ್ಯಾಮ್ಸಂಗ್ ಫೋನುಗಳಲ್ಲಿ *#0*#, ರೆಡ್ಮಿ ಫೋನುಗಳಲ್ಲಿ *#*#6484#*#* ಎಂದು ಡಯಲ್ ಮಾಡಿದರೆ ಬಿಡಿಭಾಗಗಳ ತಪಾಸಣೆಯ ಪುಟ ತೆರೆಯುತ್ತದೆ. ಎಲ್ಲ ಮಾಡೆಲುಗಳಲ್ಲಿ ಎಲ್ಲ ಪರೀಕ್ಷೆಗಳೂ ಇರುವುದಿಲ್ಲ. ಫೋನಿನ ಬೆನ್ನು ಉಬ್ಬಿದ್ದರೆ ಸೆನ್ಸರಿನ ಚಿಂತೆ ಬಿಡಿ, ಬ್ಯಾಟರಿ ಊದಿಕೊಂಡಿದೆ, ಚಾರ್ಜಿಗೆ ಹಾಕುವುದನ್ನು ಆ ಕ್ಷಣವೇ ನಿಲ್ಲಿಸಿ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಸೆನ್ಸರಿನ ಜಾಗವನ್ನು ಉಜ್ಜುಕಾಗದದಿಂದ ತಿಕ್ಕುವುದು, ಟೂತ್‌ಪೇಸ್ಟ್ ಹಚ್ಚಿ ಪಾಲಿಶ್ ಮಾಡುವುದು ಇವೆಲ್ಲ ಮಾಡಬೇಡಿ. ನನ್ನ ಗೆಳೆಯನೊಬ್ಬ ಮಾಡಿದ್ದಾನೆ, ಅವನ ಫೋನು ಈಗ ಯಾರನ್ನೂ ಗುರುತಿಸುವುದಿಲ್ಲ.

ಇನ್ನು ಕಾಂಬೋ ಬದಲಿಸುವ ಮಾತು. ಪರದೆ ಒಡೆದು ಬದಲಿಸಿದ ಮೇಲೆ ಬೆರಳು ಕೆಲಸ ಮಾಡುತ್ತಿಲ್ಲ ಎಂಬ ದೂರು ನಮ್ಮೂರಿನಲ್ಲಿ ತುಂಬ ಕೇಳಿಬರುತ್ತದೆ. ಪರದೆಯ ಅಡಿಯ ಸೆನ್ಸರಿಗೆ ಪರದೆಯ ಮೂಲಕ ಬೆಳಕು ಹಾದುಹೋಗಬೇಕು. ಅಮೋಲೆಡ್ ಪರದೆಯಲ್ಲಿ ಅದು ಸಾಧ್ಯ. ಅಗ್ಗವೆಂದು ಅದರ ಬದಲು ಎಲ್‌ಸಿಡಿ ಹಾಕಿದರೆ, ಅದರ ಹಿಂದೆ ಇರುವ ಬ್ಯಾಕ್‌ಲೈಟ್ ಪದರಗಳು ದಾರಿಯನ್ನೇ ಮುಚ್ಚಿಬಿಡುತ್ತವೆ. ಮತ್ತೆ ಎಷ್ಟು ಸಲ ಬೆರಳು ಒತ್ತಿದರೂ ಅಷ್ಟೆ. ಆದ್ದರಿಂದ ಪರದೆ ಬದಲಿಸುವಾಗ, "ಇದು ಅಮೋಲೆಡ್ಡೇ? ಬೆರಳು ಕೆಲಸ ಮಾಡುತ್ತದೆಯೇ?" ಎಂದು ಹಣ ಕೊಡುವ ಮೊದಲೇ ಕೇಳಿ. ಅಸಲಿ ಪರದೆ ಹಾಕಿದರೂ ಕೆಲವು ಫೋನುಗಳಿಗೆ ಕ್ಯಾಲಿಬ್ರೇಷನ್ ಬೇಕು. ಗೂಗಲ್ ಪಿಕ್ಸೆಲ್ 6ಕ್ಕೆ ಕಂಪನಿಯೇ ಇದಕ್ಕೆಂದು ಒಂದು ಸಾಧನವನ್ನು ಕೊಟ್ಟಿದೆ. ಹೋಮ್ ಬಟನ್ ಇರುವ ಹಳೆಯ ಐಫೋನುಗಳಲ್ಲಿ ಬಟನ್ನೂ ಒಳಗಿನ ಚಿಪ್ಪೂ ಜೋಡಿಯಾಗಿಯೇ ಹುಟ್ಟಿದವು. ಹೊರಗೆ ಬೇರೆ ಬಟನ್ ಹಾಕಿಸಿದರೆ ಬೆರಳು ಓದುವ ಕೆಲಸ ನಿಲ್ಲುತ್ತದೆ. ರಿಪೇರಿಗೆ ಕೊಟ್ಟಾಗ ಹಳೆಯ ಬಟನ್ನನ್ನು ಕೇಳಿ ವಾಪಸ್ ತೆಗೆದುಕೊಳ್ಳಿ.

ಫೋನಿನಲ್ಲಿ ಬೆರಳು ಕೊಟ್ಟರೆ ಅದು ಕಂಪನಿಗೆ ಹೋಗುತ್ತದೆಯೇ ಎಂದು ಉಮ್ಮ ಕೇಳಿದ್ದರು. ಫೋನಿನ ಬೆರಳಚ್ಚು ಚಿತ್ರವಾಗಿ ಉಳಿಯುವುದಿಲ್ಲ. ಗೆರೆಗಳ ಗುರುತುಗಳ ಲೆಕ್ಕವಾಗಿ ಫೋನಿನೊಳಗೇ ಪ್ರತ್ಯೇಕ ಸುರಕ್ಷಿತ ಭಾಗದಲ್ಲಿರುತ್ತದೆ. ರೇಷನ್ ಅಂಗಡಿಯಲ್ಲಿ ಕೊಡುವ ಬೆರಳು ಬೇರೆ, ಅದು ಆಧಾರ್ ದಾಖಲೆಯೊಂದಿಗೆ ಹೋಲಿಕೆಯಾಗುತ್ತದೆ. ಫೋನಿನಲ್ಲಿ ಸರಿಪಡಿಸಿದರೆ ಅಲ್ಲಿ ಸರಿಯಾಗುವುದಿಲ್ಲ. ಅದಕ್ಕೆ ಆಧಾರ್ ಕೇಂದ್ರಕ್ಕೆ ಹೋಗಿ ಬಯೋಮೆಟ್ರಿಕ್ ನವೀಕರಿಸಬೇಕು. ನಮಗೂ ಇದು ಅನ್ವಯಿಸುತ್ತದೆ: ಮಕ್ಕಳಿಗೆ 5 ವರ್ಷಕ್ಕೆ ಒಮ್ಮೆ, 15ಕ್ಕೆ ಇನ್ನೊಮ್ಮೆ ನವೀಕರಣ ಕಡ್ಡಾಯ. ನೀಟ್ ಪರೀಕ್ಷಾ ಕೇಂದ್ರದಲ್ಲಿಯೂ ಬಯೋಮೆಟ್ರಿಕ್ ತೆಗೆದುಕೊಳ್ಳುತ್ತಾರೆ. 15 ದಾಟಿಯೂ ಮಾಡಿಸದವರು ನಮ್ಮ ತರಗತಿಯಲ್ಲೇ ಕೈ ಎತ್ತಿಸಿದರೆ ಕಡಿಮೆ ಇರಲಿಕ್ಕಿಲ್ಲ.

ಇದನ್ನೆಲ್ಲ ಹುಡುಕುವಾಗ ಸಿಕ್ಕಿದ ಒಂದು ಸಂಗತಿಯನ್ನು ಹೇಳದೆ ಬಿಡಲು ಮನಸ್ಸಿಲ್ಲ. ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಶುರುವಾದದ್ದು ನಮ್ಮ ದೇಶದಲ್ಲಿ, 1897ರಲ್ಲಿ ಕಲ್ಕತ್ತಾದಲ್ಲಿ. ಸಾವಿರಾರು ಬೆರಳಚ್ಚುಗಳಲ್ಲಿ ಬೇಕಾದದ್ದನ್ನು ಬೇಗ ಹುಡುಕಲು 1,024 ಗೂಡುಗಳಾಗಿ ವಿಂಗಡಿಸುವ ಗಣಿತದ ಕ್ರಮವನ್ನು ರೂಪಿಸಿದವರು ಅಲ್ಲಿ ಕೆಲಸಕ್ಕಿದ್ದ ಅಜೀಜುಲ್ ಹಕ್. ಅವರ ಜೊತೆಗಿದ್ದವರು ಹೇಮಚಂದ್ರ ಬೋಸ್. ಆ ಕ್ರಮ ಪ್ರಸಿದ್ಧವಾದದ್ದು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ. ಹಕ್ ಕಾಲೇಜಿನಲ್ಲಿ ಓದಿದ್ದು ಗಣಿತ ಮತ್ತು ವಿಜ್ಞಾನ. ಗಣಿತದಿಂದ ಏನು ಉಪಯೋಗ ಎಂದು ಹಿಂದಿನ ಬೆಂಚಿನಿಂದ ಕೇಳುವವರ ಗಮನಕ್ಕೆ.

ಈಗ ಉಮ್ಮ ಕೆಲಸ ನಿಲ್ಲಿಸದೆಯೇ ಎಡಗೈಯ ಉಂಗುರ ಬೆರಳನ್ನು ಚಾಚಿ ಪರದೆಗೆ ತಾಗಿಸುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ತೆರೆಯುತ್ತದೆ. ಪಿನ್ನನ್ನೂ ಕಲಿಸಿದ್ದೇನೆ. ಸಾವಿರಗಟ್ಟಲೆ ಬೀಡಿಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕುವವರಿಗೆ ಆರು ಅಂಕಿ ಕಷ್ಟವಾಗಲಿಲ್ಲ, ಹೆದರಿಕೆ ಬಿಡಿಸಲು ಮಾತ್ರ ಒಂದು ವಾರ ಬೇಕಾಯಿತು. ನನ್ನ ಹೆಬ್ಬೆರಳನ್ನು ಆ ಫೋನಿನಿಂದ ಅಳಿಸಿಬಿಟ್ಟೆ. ಅದು ಅವರ ಫೋನು.

ನಿಮ್ಮ ಮನೆಯಲ್ಲಿ ಇಂಥದ್ದೇ ತೊಂದರೆ ಇದ್ದರೆ ಶನಿವಾರ ಕೊನೆಯ ಪೀರಿಯಡ್ ಮುಗಿದ ಮೇಲೆ ಭೌತಶಾಸ್ತ್ರ ಲ್ಯಾಬಿನ ಹೊರಗೆ ಸಿಗುತ್ತೇನೆ. ಮೊಬೈಲ್ ತರಬೇಡಿ. ಮಾಡೆಲ್ ಯಾವುದು, ಸೆನ್ಸರ್ ಎಲ್ಲಿದೆ, ನಿಲ್ಲುವ ಮೊದಲು ಏನು ಬದಲಾಯಿತು, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ.